ಮುತ್ಯಾನ ತಾಯಿ ಹೇಳದೆ ಹೋದ ಪದ್ಧತಿಗಳು

ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಮಾನ್ವಿಯಲ್ಲಿ ಹತ್ತಿ ಮತ್ತು ಶೇಂಗಾದ ಅಡತಿ ಅಂಗಡಿ ಇಟ್ಟಿದ್ದ. ನಿಜಾಮರ ಕಾಲ. ಕಚೇರಿಯಲ್ಲಿ ಉರ್ದು ನಡೆಯುತ್ತಿತ್ತು, ಸಂತೆಯಲ್ಲಿ ಕನ್ನಡ ತೆಲುಗು ಎರಡೂ ನಡೆಯುತ್ತಿದ್ದವು, ಮನೆಯಲ್ಲಿ ಮುತ್ಯಾನ ಮಾತೊಂದೇ ನಡೆಯುತ್ತಿತ್ತು. ತಹಸೀಲ್ದಾರನ ಎದುರು ನೆಲಕ್ಕೆ ಹಣೆ ತಾಗುವಂತೆ ಸಲಾಂ ಹೊಡೆದು ಬಂದ ದಿನ ಮನೆಯ ಅಂಗಳದಲ್ಲಿ ಅವನ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು. ಹಣೆಗೆ ಮೂರು ಬೆರಳು ವಿಭೂತಿ, ಭುಜದ ಮೇಲೆ ಕೆಂಪಂಚಿನ ಶಲ್ಯ, ಬಾಯಲ್ಲಿ ಒಂದೇ ಮಾತು: "ಹಿರೇರು ಮಾಡಿಟ್ಟ ಪದ್ಧತಿ."

ಹೆಂಗಸರು ಕಟ್ಟೆಯ ಮೇಲೆ ಕೂಡಬಾರದು. ಯಾಕೆ? ಹಿರಿಯರು ಮಾಡಿಟ್ಟ ಪದ್ಧತಿ. ಹೆಂಗಸರು ಗಟ್ಟಿಯಾಗಿ ನಗಬಾರದು, ಸಂತೆಗೆ ಹೋಗಬಾರದು, ಗಂಡಸರ ಮಾತಿನ ನಡುವೆ ಬಾಯಿ ಹಾಕಬಾರದು. ಎಲ್ಲವೂ ಹಿರಿಯರು ಮಾಡಿಟ್ಟದ್ದೇ. ಆ ಹಿರಿಯರಿಗೆ ಬೇರೆ ಕೆಲಸವೇ ಇರಲಿಲ್ಲವೋ ಏನೋ, ನಮ್ಮ ಮನೆಯ ಹೆಂಗಸರ ಬಗ್ಗೆಯೇ ಯೋಚನೆ ಮಾಡಿ ಮಾಡಿ ಸತ್ತಿದ್ದರು.

ಮುತ್ಯಾನ ಹೆಂಡತಿಗೆ ನಾವು ಆಯಿ ಎನ್ನುತ್ತಿದ್ದೆವು. ಗಿಡ್ಡ ಹೆಂಗಸು, ಕಲ್ಲೂರಿನ ಒಕ್ಕಲುತನದ ಮನೆಯವಳು. ಓದು ಬರಹ ಇಲ್ಲ. ಗಂಡನಿಗೆ ಎದುರಾಡಿದ್ದನ್ನು ಯಾರೂ ಕಂಡಿರಲಿಲ್ಲ. ಒಮ್ಮೆ ಮಾತ್ರ, ಶ್ರಾವಣದ ಒಂದು ಸೋಮವಾರ, ಬೆಳಗಿನಿಂದ ಬೀಸುಕಲ್ಲು ತಿರುವಿ ರಟ್ಟೆ ಹಿಡಿದುಕೊಂಡಿದ್ದಾಗ ಅವಳು ಅಂಗಳಕ್ಕೆ ಬಂದು ಕೊಟ್ಟಿಗೆಯ ಕಡೆ ನೋಡಿದಳು. ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು.

"ಏನ್ರಿ, ಎತ್ತು ಇವತ್ತ ಹೊಲಕ್ಕ ಹೋಗಿಲ್ಲೇನು?"

"ಸೋಮವಾರ ಬಸವಣ್ಣನ ವಾರ. ಎತ್ತು ಹೂಡಬಾರದು. ಹಿರೇರು ಮಾಡಿಟ್ಟ ಪದ್ಧತಿ," ಎಂದ ಮುತ್ಯಾ.

"ಯಾವ ಹಿರೇರ್ರಿ?"

ಮುತ್ಯಾ ಶಲ್ಯ ಸರಿಮಾಡಿಕೊಂಡ. "ಪದ್ಧತಿಗೆ ಯಾರು ಮಾಡಿದ್ರು ಅಂತ ಕೇಳಬಾರದು. ಯಾರು ಮಾಡಿದ್ರು ಅಂತ ಗೊತ್ತಿರದಿದ್ರನ ಅದು ಖರೇ ಪದ್ಧತಿ."

"ಹಂಗೇನ್ರಿ?" ಎಂದು ಆಯಿ ಒಳಗೆ ಹೋದಳು. ಮುತ್ಯಾ ತನ್ನ ಕೈಯಾರೆ ಅವಳಿಗೆ ಕತ್ತಿ ಕೊಟ್ಟಿದ್ದ, ಅವನಿಗೆ ಗೊತ್ತಾಗಲಿಲ್ಲ.

ಮರುವಾರ ಸೋಮವಾರ ಬೆಳಗ್ಗೆ ಮನೆಯಲ್ಲಿ ಬೀಸುವ ಸದ್ದಿಲ್ಲ. ಬೀಸುಕಲ್ಲಿಗೆ ವಿಭೂತಿ ಬಳಿದು ಮೇಲೊಂದು ಚೆಂಡು ಹೂವು ಇಡಲಾಗಿತ್ತು. ಮುತ್ಯಾ ಕೇಳಿದ್ದಕ್ಕೆ ಆಯಿ ಸೆರಗು ಸರಿಮಾಡಿಕೊಂಡು, "ಸೋಮವಾರ ಕಲ್ಲು ತಿರುವಬಾರದಂತ್ರಿ. ಅತ್ತಿ ಸಾಯೂ ಮುಂದ ನನ್ನ ಕಿವ್ಯಾಗ ಹೇಳಿದ್ರು. ನಾನ ಮರತಿದ್ದೆ, ಪಾಪದಾಕಿ," ಎಂದು ಕೆನ್ನೆ ಬಡಿದುಕೊಂಡಳು.

ಅತ್ತಿ ಎಂದರೆ ಮುತ್ಯಾನ ತಾಯಿ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದವಳು. ಅವಳ ಕಥೆಗಳನ್ನು ಕೇಳಿದ್ದೆ. ಸೊಸೆ ಎರಡನೆಯ ರೊಟ್ಟಿಗೆ ಕೈ ಹಾಕಿದರೆ ಕೆಮ್ಮುತ್ತಿದ್ದಳಂತೆ. ಬಾಣಂತಿಯನ್ನು ಎಬ್ಬಿಸಿ ಜೋಳ ಕುಟ್ಟಿಸಿದವಳು. ಬದುಕಿದ್ದಾಗ ಒಬ್ಬ ಹೆಣ್ಣಿಗೂ ಒಂದು ಗಳಿಗೆ ಬಿಡುವು ಕೊಡದ ಆ ಮಹಾತಾಯಿ ಸತ್ತ ಮೇಲೆ ಹೆಂಗಸರ ಮೇಲೆ ಕರುಣೆ ತೋರಿಸತೊಡಗಿದಳು. ಮುತ್ಯಾನಿಗೆ ಅಲ್ಲಗಳೆಯಲು ಆಗಲಿಲ್ಲ. ಹೆತ್ತ ತಾಯಿಯ ಕೊನೆಯ ಮಾತು. ಅಷ್ಟೇ ಅಲ್ಲ, ಅವಳು ಸಾಯುವಾಗ ಅವನು ಹತ್ತಿ ಹೇರಿಕೊಂಡು ರಾಯಚೂರಿನ ಜಿನ್ನಿಂಗ್ ಕಾರ್ಖಾನೆಗೆ ಹೋಗಿದ್ದ. ಕಿವಿಯಲ್ಲಿ ಏನು ಹೇಳಿದಳೋ ಬಲ್ಲವಳು ಆಯಿ ಒಬ್ಬಳೇ.

ಅಲ್ಲಿಂದ ಮುತ್ಯಾನ ತಾಯಿ ನಮ್ಮ ಮನೆಗೆ ಬೇಕುಬೇಕಾದಾಗ ಬಂದು ಹೋಗತೊಡಗಿದಳು. ಬಸುರಿ ಹೆಂಗಸು ಬಾವಿಯ ನೀರು ಸೇದಬಾರದು, ಗಂಡಸರೇ ಸೇದಬೇಕು ಎಂದು ಹೇಳಿ ಹೋಗಿದ್ದಳಂತೆ. ನನ್ನ ಅವ್ವ ಬಸುರಿಯಾಗಿದ್ದಾಗ ಅಪ್ಪ ಕೊಡ ಹಿಡಿದು ಬಾವಿಗೆ ಹೋಗುವುದನ್ನು ನೋಡಿ ಓಣಿಯ ಗಂಡಸರು ನಕ್ಕರು. ಓಣಿಯ ಹೆಂಗಸರು ನಗಲಿಲ್ಲ. ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿಗೆ ಬಂದು, "ಆ ಪದ್ಧತಿ ಸ್ವಲ್ಪ ಸರಿಯಾಗಿ ಹೇಳ್ರಿ ಯವ್ವಾ," ಎಂದು ಕೇಳಿಕೊಂಡು ಹೋದರು.

ನಾನು ಮೊದಲ ಮೊಮ್ಮಗಳು. ನನ್ನ ಓದೂ ಹಾಗೆಯೇ ಶುರುವಾಯಿತು. ಊರಿನ ಸರಕಾರಿ ಶಾಲೆಯಲ್ಲಿ ಗಂಡುಹುಡುಗರು, ಉರ್ದು ಪಾಠ. ಹುಡುಗಿಯರಿಗೆ ಅಲ್ಲಿ ಏನು ಕೆಲಸ? ಆದರೆ ಒಂದು ದಿನ ಆಯಿಗೆ ಕಣ್ಣು ಮಂಜಾದವು. ಮೊಮ್ಮಗಳು ಪುರಾಣ ಓದಿ ಹೇಳಬೇಕು, ಮನೆಯ ಹಿರಿಮಗಳು ಅಕ್ಷರ ಕಲಿಯದಿದ್ದರೆ ಮುದುಕಿಗೆ ಸದ್ಗತಿ ಇಲ್ಲವೆಂದು ಅತ್ತಿ ಹೇಳಿದ್ದಳು. ಮಠದ ಕಟ್ಟೆಯ ಮೇಲೆ ಕನ್ನಡ ಹೇಳಿಕೊಡುತ್ತಿದ್ದ ಮಾಸ್ತರರು ನಮ್ಮ ಮನೆಗೆ ಬರತೊಡಗಿದರು. ಪಾಪ, ಆಯಿ ಆ ವರ್ಷವೆಲ್ಲ ಕುರುಡಿಯಾಗಬೇಕಾಯಿತು. ಅಡುಗೆಮನೆಯಲ್ಲಿ ತೊಗರಿಬೇಳೆಯ ನಡುವಿನ ಸಾಸಿವೆಯಷ್ಟು ಕಲ್ಲನ್ನು ಹೆಕ್ಕಿ ಎಸೆಯುತ್ತಿದ್ದವಳು ಮುತ್ಯಾನ ಕೆರದ ಸದ್ದು ಕೇಳಿದೊಡನೆ ಗೋಡೆ ತಡಕುತ್ತ ನಡೆಯುತ್ತಿದ್ದಳು. ಒಮ್ಮೆ ಹಾಗೆ ತಡಕುತ್ತ ಬಂದು ಮುತ್ಯಾನ ತಲೆಗೇ ಕೈ ಹಾಕಿದಳು. "ಇದೇನು, ಕುಂಬಳಕಾಯಿ ಇಲ್ಲಿ ಯಾರಿಟ್ಟಾರ?" ಎಂದಳು. ಅದು ನಟನೆಯೋ ಬೇಕಂತಲೇ ಅಂದದ್ದೋ, ನಾನು ಎಂದೂ ಕೇಳಲಿಲ್ಲ.

ಇದೆಲ್ಲ ನೋಡಿ ನನ್ನ ಅವ್ವನಿಗೆ ನಗು ಬರುತ್ತಿರಲಿಲ್ಲ. ಅವ್ವ ರಾಯಚೂರಿನವಳು, ಮಿತಭಾಷಿ. ಹಿಟ್ಟು ನಾದುತ್ತ ಒಮ್ಮೆ ನನಗೆ ಹೇಳಿದಳು: "ನಿಮ್ಮ ಆಯಿ ಮಾಡೂದು ನಮ್ಮ ಒಳ್ಳೇದಕ್ಕ ಅದ. ಆದರ ಬೇಕು ಅನ್ನೂದು ಬೇಕು ಅಂತ ಹೇಳಾಕ ಸತ್ತವರನ್ನ ಯಾಕ ಎಬ್ಬಿಸಬೇಕು?"

ಅದನ್ನು ಕೇಳಿಸಿಕೊಂಡ ಆಯಿ ಒಲೆಯ ಕಡೆಯಿಂದಲೇ ಅಂದಳು: "ಬದುಕಿದ್ದವರ ಮಾತು ಯಾರ ಕೇಳ್ತಾರ ಬೇ? ನೀ ನಾಕು ದಿನ ನೆಟ್ಟಗ ಮಾತಾಡಿ ನೋಡು, ಐದನೇ ದಿನ ತವರಿಗೆ ಬಂಡಿ ಕಟ್ತಾರ."

ಅವ್ವ ಮತ್ತೆ ಹಿಟ್ಟು ನಾದತೊಡಗಿದಳು.

ನನಗೆ ಹನ್ನೆರಡು ದಾಟಿದಾಗ ಮಾಸ್ತರರು ತಮಗೆ ಬರುವುದೆಲ್ಲ ಮುಗಿಯಿತೆಂದರು. ರಾಯಚೂರಿನಲ್ಲಿ ಹುಡುಗಿಯರ ಶಾಲೆ ಇತ್ತು. ನನ್ನ ಸೋದರಮಾವ, ಅಂದರೆ ಅವ್ವನ ತಮ್ಮ, ಅಲ್ಲಿಯೇ ಇದ್ದ. ಕಳಿಸಿದರೆ ನೋಡಿಕೊಳ್ಳುತ್ತೇನೆ ಎಂದಿದ್ದ. ಅದೇ ಸಮಯಕ್ಕೆ ದೇವದುರ್ಗದಿಂದ ಒಂದು ಸಂಬಂಧ ಬಂತು. ಹುಡುಗನ ಅಪ್ಪ ದೊಡ್ಡ ವ್ಯಾಪಾರಸ್ಥ. ಹುಡುಗ ರಾಯಚೂರಿನಲ್ಲಿ ಹೈಸ್ಕೂಲು ಓದುತ್ತಿದ್ದ, ಕ್ರಾಪು ಬಿಟ್ಟಿದ್ದ. ಮುತ್ಯಾನಿಗೆ ಕ್ರಾಪು ಹಿಡಿಸಲಿಲ್ಲ, ಅಂಗಡಿ ಹಿಡಿಸಿತು. ನೋಡಲಿಕ್ಕೆ ಬರಲು ಹೇಳಿ ಕಳಿಸಿದ.

ಅವರು ಸವಾರಿ ಬಂಡಿ ಕಟ್ಟಿಕೊಂಡು ಬಂದರು. ಹುಡುಗ, ಅವನ ಅಪ್ಪ, ಅವನ ತಾಯಿ. ತಾಯಿ ಒಳಗೆ ನಮ್ಮ ಜೊತೆ ಕೂತಳು, ಗಂಡಸರು ಪಡಸಾಲೆಯಲ್ಲಿ. ನನ್ನನ್ನು ಕರೆದು ಕಂಬಳಿಯ ಮೇಲೆ ಕೂಡಿಸಿದರು. ಹುಡುಗನ ಅಪ್ಪ ನನ್ನನ್ನು ಎಬ್ಬಿಸಿದ, ನಡೆಸಿದ, ತಿರುಗಿಸಿದ. ಹೆರಳು ನಿಜವೋ ಚೌರಿಯೋ ಎಂದು ಬಿಚ್ಚಿಸಿ ನೋಡಿದ. ಗುಂಜಹಳ್ಳಿಯ ದನದ ವ್ಯಾಪಾರಿಯೊಬ್ಬ ನಮ್ಮ ಮನೆಗೆ ಎತ್ತು ತಂದಾಗ ಮುತ್ಯಾ ಅದರ ಬಾಯಿ ತೆರೆಸಿ ಹಲ್ಲು ನೋಡಿದ್ದನ್ನು ಕಂಡಿದ್ದೆ. ನನಗೆ ಬಾಯಿ ತೆರೆಯಲು ಹೇಳಲಿಲ್ಲ. ಅಷ್ಟರಮಟ್ಟಿಗೆ ನನಗೆ ಮರ್ಯಾದೆ ಸಿಕ್ಕಿತು ಎನ್ನಬೇಕು.

"ರೊಟ್ಟಿ ಬಡಿಯಾಕ ಬರ್ತದೇನವಾ?" ಎಂದ ಹುಡುಗನ ಅಪ್ಪ.

ನಾನು ಉತ್ತರಿಸುವ ಮೊದಲೇ ಬಾಗಿಲ ಮರೆಯಿಂದ ಆಯಿಯ ದನಿ ಬಂತು. "ಆಕಿಗೆ ಬರ್ತದ್ರಿ. ನಿಮ್ಮ ಹುಡುಗಗ ಬರ್ತದೇನ್ರಿ?"

ಹುಡುಗನ ಅಪ್ಪ ಬಾಗಿಲ ಕಡೆ ಹೊರಳಿದ. ಆಯಿ ತಲೆ ತಗ್ಗಿಸಿ, ಸೆರಗು ಹಣೆಯ ತನಕ ಎಳೆದುಕೊಂಡು, ದನಿಯಲ್ಲಿ ಜೇನು ಸುರಿಸಿ ಹೇಳಿದಳು: "ತಪ್ಪ ತಿಳಿಬ್ಯಾಡ್ರಿ. ನಮ್ಮ ಮನಿ ಪದ್ಧತಿ ಹಂಗದ. ಹುಡುಗಿ ನೋಡಾಕ ಬಂದ ಹುಡುಗ ಒಂದು ರೊಟ್ಟಿ ಬಡಿದು ತೋರಸಬೇಕು. ಇವರ ತಾಯಿ ಹಚ್ಚಿದ್ದು."

ಹುಡುಗನ ಅಪ್ಪ ಮುತ್ಯಾನ ಕಡೆ ತಿರುಗಿದ. "ಖರೇ ಏನ್ರಿ?"

ಆ ಗಳಿಗೆಯ ಮುತ್ಯಾನ ಮುಖ ನನಗಿನ್ನೂ ನೆನಪಿದೆ. ಇಲ್ಲ ಎಂದರೆ ಬೀಗರ ಎದುರು ಹೆಂಡತಿ ಸುಳ್ಳಿ ಎಂದಂತಾಗುತ್ತದೆ. ಗೊತ್ತಿಲ್ಲ ಎಂದರೆ ತನ್ನ ಮನೆಯ ಪದ್ಧತಿ ತನಗೇ ಗೊತ್ತಿಲ್ಲದ ಯಜಮಾನನಾಗುತ್ತಾನೆ. ಅವನು ಗಂಟಲು ಸರಿಮಾಡಿಕೊಂಡು, ಮೀಸೆಯ ಮೇಲೆ ಕೈ ಆಡಿಸಿ ಹೇಳಿದ: "ಹೌದ್ರಿ. ಭಾಳ ಹಳೇ ಪದ್ಧತಿ. ನಾನೂ ಬಡಿದೀನಿ."

ಒಳಗೆ ಆಯಿ ಸೆರಗು ಬಾಯಿಗೆ ತುರುಕಿಕೊಂಡಳು. ಮುತ್ಯಾ ತನ್ನ ಜೀವಮಾನದಲ್ಲಿ ಅಡುಗೆಮನೆಯ ಹೊಸ್ತಿಲು ದಾಟಿದ್ದು ಒಮ್ಮೆ, ಅದೂ ಹಾವು ಬಂದಾಗ.

ಹುಡುಗ ಕೋಟು ಬಿಚ್ಚಿಟ್ಟು ಒಳಗೆ ಬಂದ. ಆಯಿ ಅವನಿಗೆ ಪರಾತದಲ್ಲಿ ಜೋಳದ ಹಿಟ್ಟು ಹಾಕಿ, ಕುದಿಯುವ ನೀರು ಮುಂದಿಟ್ಟಳು. ಅವನು ನೀರು ಸುರಿದು ಕೈ ಇಟ್ಟ, "ಹಾ!" ಎಂದು ಕೈ ಎಳೆದುಕೊಂಡ. ಹಿಟ್ಟು ಬೆರಳಿಗೆ ಅಂಟಿತು. ಬೆರಳಿನಿಂದ ಅಂಗಿಗೆ, ಅಂಗಿಯಿಂದ ಕ್ರಾಪಿಗೆ ಹೋಯಿತು. ಕೊನೆಗೆ ಅವನು ಬಡಿದದ್ದು ರೊಟ್ಟಿಯಂತಿರಲಿಲ್ಲ. ಅದನ್ನು ಹಂಚಿಗೆ ಹಾಕಲು ಎತ್ತಿದಾಗ ಅರ್ಧ ಕೈಯಲ್ಲಿ ಉಳಿದು ಅರ್ಧ ಒಲೆಗೆ ಬಿತ್ತು. ಹೊಗೆ ಎದ್ದಿತು. ಹುಡುಗ ಕಣ್ಣೊರೆಸಿಕೊಳ್ಳುತ್ತ ತಾಯಿಯ ಕಡೆ ನೋಡಿದ.

"ಯವ್ವಾ, ಇದನ್ನ ನೀ ದಿನಾ ಮಾಡ್ತಿ?"

"ಹೊತ್ತಿಗೆ ಒಂದು ಬುಟ್ಟಿ," ಎಂದಳು ತಾಯಿ. ಅಷ್ಟು ಹೊತ್ತು ನಗು ತಡೆದಿದ್ದ ಆ ಹೆಂಗಸು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ನಗು ನಿಂತಿತು, ಕಣ್ಣಿನ ನೀರು ನಿಲ್ಲಲಿಲ್ಲ. "ನನಗ ಯಾರೂ ಇದನ್ನ ಹಿಂದ ಕೇಳಿದ್ದಿಲ್ಲ ನೋಡ್ರಿ," ಎಂದಳು ಆಯಿಗೆ.

ಆಯಿಯ ಲೆಕ್ಕಾಚಾರ ಸರಳವಾಗಿತ್ತು. ಸಿಟ್ಟಿಗೆದ್ದ ಬೀಗರು ಬಂಡಿ ಕಟ್ಟುತ್ತಾರೆ, ಹುಡುಗಿ ಶಾಲೆಗೆ ಹೋಗುತ್ತಾಳೆ. ಆದರೆ ಆದದ್ದೇ ಬೇರೆ. ಹುಡುಗನ ಅಪ್ಪ ಒಲೆಯಿಂದ ತೆಗೆದು ತಂದ ಕರಿಗಟ್ಟಿದ ರೊಟ್ಟಿಯ ತುಂಡನ್ನು ಕೈಯಲ್ಲಿ ಹಿಡಿದು, ಅದು ಪ್ರಸಾದವೋ ಎಂಬಂತೆ ನೋಡಿ, ತಲೆದೂಗಿದ.

"ಇಂಥಾ ಪದ್ಧತಿ ಇಟ್ಟುಕೊಂಡ ಮನಿ ಅಂದ್ರ ದೊಡ್ಡ ಮನಿನ ಇರಬೇಕು. ನಮಗ ಒಪ್ಪಿಗಿ ಅದರೀ. ಮುಂದಿನ ತಿಂಗಳ ಅಕ್ಕಿಕಾಳು ಹಾಕಿಬಿಡೂಣು."

ಆಯಿಯ ಮುಖದ ಬಣ್ಣ ಇಳಿಯಿತು. ತಕ್ಷಣ ಸಾವರಿಸಿಕೊಂಡು ಬಾಗಿಲಿಗೆ ಬಂದಳು. "ಮುಂದಿನ ತಿಂಗಳು ಆಗಂಗಿಲ್ರಿ. ಹಿರಿಮಗಳಿಗೆ ಹದಿನಾರು ತುಂಬೂ ತನಕ ಮದವಿ ಮಾಡಬಾರದು ಅಂತ ಅತ್ತಿ..."

"ಇಲ್ಲ!" ಎಂದ ಮುತ್ಯಾ.

ಎಲ್ಲರೂ ಅವನ ಕಡೆ ನೋಡಿದರು. ಮುತ್ಯಾನ ಕಣ್ಣು ಹೊಳೆಯುತ್ತಿದ್ದವು. ಹೆಂಡತಿಯ ಕತ್ತಿಗೆ ಹಿಡಿಕೆ ಎಲ್ಲಿದೆ ಎಂದು ಅವನಿಗೆ ಈಗ ಗೊತ್ತಾಗಿತ್ತು. "ನಮ್ಮವ್ವ ನನಗೂ ಹೇಳಿದ್ಲು. ಹಿರಿಮಗಳಿಗೆ ಹದಿಮೂರರೊಳಗ ಮದವಿ ಮಾಡಬೇಕು ಅಂತ ಹೇಳಿದ್ಲು. ಕನಸಿನ್ಯಾಗ ಬಂದು ಹೇಳಿದ್ಲು."

"ಯಾವಾಗ?" ಎಂದಳು ಆಯಿ.

"ಶಿವರಾತ್ರಿ ದಿನ."

"ಶಿವರಾತ್ರಿ ದಿನ ನೀವು ಜಾಗರಣಿ ಮಾಡಿದ್ರಲ್ಲ, ನಿದ್ದಿ ಎಲ್ಲಿ ಮಾಡಿದ್ರಿ?"

"ಕುಂತಲ್ಲೇ ಸ್ವಲ್ಪ ಕಣ್ಣು ಹತ್ತಿತ್ತು."

ಹೀಗೆ ಸತ್ತ ಒಬ್ಬ ಮುದುಕಿಯನ್ನು ಗಂಡ ಒಂದು ಕೈ, ಹೆಂಡತಿ ಒಂದು ಕೈ ಹಿಡಿದು ಎಳೆದಾಡಿದರು. ಬೀಗರು ಒಮ್ಮೆ ಅವನ ಮುಖ ಒಮ್ಮೆ ಬಾಗಿಲು ನೋಡುತ್ತಿದ್ದರು. ನಾನು ಹೆರಳು ಬಿಚ್ಚಿಕೊಂಡು ಕಂಬಳಿಯ ಮೇಲೆ ಕೂತಿದ್ದೆ. ಕನಸಿಗೆ ಸಾಕ್ಷಿ ಬೇಕಾಗಿಲ್ಲ. ಕೊನೆಗೆ ಗೆಲ್ಲುವವನು ಮುತ್ಯಾನೇ ಎಂದು ನನಗೆ ತಿಳಿದಿತ್ತು.

ಆಗ ಅವ್ವ ಒಳಗಿನಿಂದ ಬಂದಳು. ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ಹೊಸ್ತಿಲು ದಾಟಿ ಪಡಸಾಲೆಯ ನಡುವೆ ಬಂದು ನನ್ನ ಪಕ್ಕ ನಿಂತಳು. ಕೈಯಲ್ಲಿ ಇನ್ನೂ ಹಿಟ್ಟಿತ್ತು. ಮದುವೆಯಾಗಿ ಬಂದ ಮೇಲೆ ಅವಳು ಮಾವನ ಎದುರು ಹೀಗೆ ನಿಂತದ್ದು ಅದೇ ಮೊದಲು.

"ಮಾವಾರ, ನಾ ಒಲ್ಲೆ."

ಮುತ್ಯಾನಿಗೆ ಯಾರು ಮಾತಾಡಿದರು ಎಂದೇ ತಿಳಿಯಲಿಲ್ಲ. ಸುತ್ತ ನೋಡಿದ.

"ಈಗ ಮದವಿ ಒಲ್ಲೆ. ಆಕಿ ರಾಯಚೂರಿಗೆ ಹೋಗಿ ಓದ್ತಾಳ."

"ಇದ್ಯಾವ ಪದ್ಧತಿ?" ಎಂದ ಮುತ್ಯಾ.

"ಪದ್ಧತಿ ಅಲ್ರಿ. ನಾ ಹೇಳಾಕತ್ತೀನಿ." ಅವ್ವ ಹಿಟ್ಟಿನ ಕೈಯನ್ನು ನನ್ನ ಭುಜದ ಮೇಲಿಟ್ಟಳು. "ನಾನೂ ಸಾಲಿಗೆ ಹೋಗಾಕತ್ತಿದ್ದೆ. ಮಗ್ಗಿ ಬಾಯಿಪಾಠ ಮಾಡೂ ಮುಂದ ನೀವು ನೋಡಾಕ ಬಂದ್ರಿ. ನನ್ನ ಎಬ್ಬಿಸಿ ನಡಸಿ ನೋಡಿದ್ರಿ, ಮರುದಿನ ಸಾಲಿ ಬಿಡಿಸಿದ್ರು. ಯಾರೂ ನನ್ನ ಕೇಳಲಿಲ್ಲ. ಈಗ ಈಕಿ ನನ್ನ ಮಗಳು. ನಾ ಕೇಳಿದೀನಿ, ಆಕಿ ಓದ್ತೀನಿ ಅಂದಾಳ." ಆಮೇಲೆ ಹುಡುಗನ ಕಡೆ ತಿರುಗಿ ಮೆತ್ತಗೆ ಹೇಳಿದಳು: "ತಪ್ಪ ತಿಳಿಬ್ಯಾಡಪ್ಪಾ. ನೀನೂ ಓದು."

ನನ್ನ ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನು ಏನಾದರೂ ಅನ್ನಬಹುದೆಂದು ಎಲ್ಲರೂ ನೋಡಿದರು. ಅವನು ಕಂಬವನ್ನು ನೋಡಿದ.

ಹುಡುಗನ ಅಪ್ಪ ಶಲ್ಯ ಕೊಡವಿ ಎದ್ದ. "ಏನ್ರಿ ಯಜಮಾನ್ರ, ನಿಮ್ಮ ಮನ್ಯಾಗ ಸೊಸಿ ಮಾವನ ಮುಂದ ಹಿಂಗ ನಿಂತು ಮಾತಾಡ್ತಾಳೇನು?"

ಸೊಸೆ ಮಾತು ಮೀರಿದಳೆಂದು ಒಪ್ಪಿಕೊಂಡರೆ ನಾಳೆ ದೇವದುರ್ಗದ ಕಟ್ಟೆಕಟ್ಟೆಯ ಮೇಲೂ ಅದೇ ಮಾತಾಗುತ್ತದೆ. ಅವನು ಎದ್ದು ನಿಂತ. ತಹಸೀಲ್ದಾರನ ಎದುರು ಎಂದೂ ನೆಟ್ಟಗಾಗದ ಬೆನ್ನು ನೆಟ್ಟಗಾಯಿತು.

"ಹೌದ್ರಿ," ಎಂದ. "ಮಾತಾಡ್ತಾಳ. ಮಗಳ ಮದವಿ ಮಾತಿನ್ಯಾಗ ತಾಯಿ ಹೇಳಿದ್ದನ ಕಡೀ ಮಾತು. ಅದು ನಮ್ಮ ಮನಿ ಪದ್ಧತಿ."

ಬಂಡಿ ಹೋಯಿತು. ಹೋಗುವಾಗ ಹುಡುಗನ ತಾಯಿ ಅವ್ವನ ಎರಡೂ ಕೈ ಹಿಡಿದು ಒತ್ತಿದಳು. ಅವಳ ಕೈಗೂ ಹಿಟ್ಟು ಹತ್ತಿತು. ಮರುದಿನ ಮುತ್ಯಾ ಅಂಗಡಿಗೆ ಬಂದವರಿಗೆ, ನಮ್ಮ ಮನೆಯ ಹೆಂಗಸರಿಗೆ ನಾವು ಎಷ್ಟು ಮಾನ ಕೊಡುತ್ತೇವೆ ಗೊತ್ತೇನು ಎಂದು ಹೇಳತೊಡಗಿದ. ವಾರ ಕಳೆಯುವುದರೊಳಗೆ ನನ್ನನ್ನು ರಾಯಚೂರಿಗೆ ಕಳಿಸುವ ವಿಚಾರ ಅವನಿಗೇ ಮೊದಲು ಹೊಳೆದದ್ದಾಗಿತ್ತು.

ಇತ್ತ ದೇವದುರ್ಗದಲ್ಲಿ ಒಂದಿಷ್ಟು ದಿನ ಮದುವೆಯ ಹುಡುಗರಿಗೆ ಕಷ್ಟವಾಯಿತೆಂದು ಕೇಳಿದೆವು. ಹುಡುಗಿ ನೋಡಲು ಹೋದಲ್ಲೆಲ್ಲ ಬಾಗಿಲ ಮರೆಯಿಂದ ಯಾರೋ ಒಬ್ಬರು ರೊಟ್ಟಿ ಬಡಿಯಲು ಬರುತ್ತದೇನು ಎಂದು ಕೇಳುತ್ತಿದ್ದರಂತೆ. ಮಲ್ಲಟದಿಂದ ಬಂದ ಮುದುಕನೊಬ್ಬ ನಮ್ಮ ಕಟ್ಟೆಯ ಮೇಲೆ ಕೂತು, ಇದು ಕಲ್ಯಾಣದ ಶರಣರ ಕಾಲದಿಂದ ಬಂದ ಪದ್ಧತಿ, ನಡುವೆ ನಿಂತುಹೋಗಿತ್ತು ಎಂದು ಆಣೆ ಮಾಡಿ ಹೇಳಿದ. ಮುತ್ಯಾ ಗಂಭೀರವಾಗಿ ತಲೆದೂಗಿದ. ಯಾರು ಮಾಡಿದರು ಎಂದು ಗೊತ್ತಿಲ್ಲದ್ದೇ ನಿಜವಾದ ಪದ್ಧತಿ ಎಂಬುದು ಅವನ ಸಿದ್ಧಾಂತವೇ ಆಗಿತ್ತಲ್ಲ.

ನಾನು ರಾಯಚೂರಿಗೆ ಹೊರಟ ದಿನ ಆಯಿ ನನ್ನನ್ನು ಹಿತ್ತಲಿಗೆ ಕರೆದಳು. "ನೋಡು ಬೇ, ಅಲ್ಲಿ ಯಾರರ ಅಡ್ಡ ಬಂದ್ರ ನಮ್ಮ ಮನಿ ಪದ್ಧತಿ ಅಂತ ಹೇಳು. ಅತ್ತಿ ಹೆಸರು ಹೇಳು. ಸತ್ತಾಕಿಗೆ ಏನೂ ಖರ್ಚಿಲ್ಲ." ಅವ್ವ ಬಸ್ಸಿನ ತನಕ ಬಂದಳು. ಅವಳು ಹೇಳಿದ್ದು ಒಂದೇ: "ಒಲ್ಲೆ ಅನ್ನೂದಿದ್ರ ಮೊದಲ ದಿನಾನ ಅನ್ನು. ಆಮ್ಯಾಲ ಕಾಲು ನಡಗ್ತಾವ."

ಎರಡೂ ನನಗೆ ಉಪಯೋಗಕ್ಕೆ ಬಂದವು. ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದ ಶಿಕ್ಷಕಿ ಬಾಯಿಯವರು ನನ್ನ ವಯಸ್ಸು ಕೇಳಿ, ಮದುವೆ ಯಾವಾಗ ಎಂದಾಗ ಹದಿನಾರು ತುಂಬುವ ತನಕ ಇಲ್ಲವೆಂದು ಮುತ್ಯಾನ ತಾಯಿಯ ಹೆಸರು ಹೇಳಿದೆ. ಅವರು ತಮ್ಮ ನಾನಿ, ಅಂದರೆ ತಾಯಿಯ ತಾಯಿ, ಕೂಡ ಹೀಗೇ ಏನೇನೋ ಹೇಳಿಹೋಗಿದ್ದಾಳೆ ಎಂದು ನಕ್ಕರು. ಅವರಿಗೂ ಮದುವೆಯಾಗಿರಲಿಲ್ಲ. ಸೋದರಮಾವ ಒಂದು ದಿನ, ಶಾಲೆಯಿಂದ ಬಂದೊಡನೆ ಅವನ ಸ್ನೇಹಿತರಿಗೆಲ್ಲ ಚಹಾ ಮಾಡಬೇಕೆಂದಾಗ ಮಾತ್ರ ಆಯಿಯ ವಿದ್ಯೆ ನಡೆಯಲಿಲ್ಲ. ಅವನು ಅವ್ವನ ತಮ್ಮ, ನಮ್ಮ ಮನೆಯ ಪದ್ಧತಿಗಳು ಎಲ್ಲಿ ತಯಾರಾಗುತ್ತವೆ ಎಂದು ಅವನಿಗೆ ಗೊತ್ತಿತ್ತು. ಓದುವುದಿದೆ, ಒಲ್ಲೆ ಎಂದೆ. ಅವನು "ನಿಮ್ಮವ್ವನ ಮಗಳ ಹೌದು," ಎಂದು ಎದ್ದು ಹೋಗಿ ಬಾಜೂ ಹೋಟೆಲಿನಿಂದ ಚಹಾ ತರಿಸಿದ.

ಬೇಸಿಗೆಯ ಸೂಟಿಗೆ ಮಾನ್ವಿಗೆ ಬಂದೆ. ಒಂದು ಮಧ್ಯಾಹ್ನ ಆಯಿ, ಅವ್ವ, ನಾನು ಒಳಗೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆವು. ಮುತ್ಯಾ ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾಗಿದ್ದ. "ಏ, ಬಾ ಇಲ್ಲಿ. ಕಾಲು ಒತ್ತು," ಎಂದು ಕೂಗಿದ.

ಆಯಿ ಏಳಲು ಕೈ ಊರಿದಳು. ಊರಿದವಳು ಹಾಗೆಯೇ ನಿಂತಳು. ಅವಳ ಮುಖ ನೋಡಿದೆ. ಸತ್ತ ಅತ್ತೆಯನ್ನು ಮತ್ತೆ ಕರೆಯುವ ಸಿದ್ಧತೆಯಲ್ಲಿರಬೇಕು ಎಂದುಕೊಂಡೆ. ಆದರೆ ಅವಳು ಅವ್ವನ ಕಡೆ ಒಮ್ಮೆ ನೋಡಿ, ಮತ್ತೆ ಕೂತು, ಗಟ್ಟಿಯಾಗಿ ಹೇಳಿದಳು:

"ಒಲ್ಲೆ."

ಹೊರಗೆ ಮಂಚ ಕಿರುಗುಟ್ಟಿತು. "ಏನಂದಿ?"

"ಒಲ್ಲೆ ಅಂದೆ. ನನ್ನ ಕಾಲೂ ನೋಯಾಕತ್ತಾವ."

ಆಯಿ ಇನ್ನೊಂದು ಹುಣಸೆಹಣ್ಣು ಕೈಗೆತ್ತಿಕೊಂಡಳು. ಆಮೇಲೆ ಮುತ್ಯಾ ತನ್ನ ಕಾಲನ್ನು ತಾನೇ ಒತ್ತಿಕೊಳ್ಳುತ್ತ, ಏನೋ ಗೊಣಗುತ್ತ, ಮಗ್ಗುಲು ಬದಲಿಸಿದ್ದು ಕೇಳಿಸಿತು. ಇನ್ನೂ ಸ್ವಲ್ಪ ಹೊತ್ತಿಗೆ ಗೊರಕೆ ಬಂತು.

ಆಯಿ ಬಾಗಿಲ ಕಡೆ ನೋಡಿದಳು, ಆಮೇಲೆ ಸೊಸೆಯ ಕಡೆ.

"ಇಷ್ಟೇನ?" ಎಂದಳು.

"ಇಷ್ಟ," ಎಂದಳು ಅವ್ವ, ತಲೆ ಎತ್ತದೆ.

ಆಯಿ ಬಾಯಿಗೆ ಸೆರಗು ಇಟ್ಟುಕೊಳ್ಳಲು ಮರೆತು ಗಟ್ಟಿಯಾಗಿ ನಗತೊಡಗಿದಳು. ಪಡಸಾಲೆಯಲ್ಲಿ ಗೊರಕೆ ನಿಂತಿತು, ಆದರೆ ಯಾರು ನಗುತ್ತಿದ್ದಾರೆ ಎಂದು ಹೊರಗಿನಿಂದ ಯಾರೂ ಕೇಳಲಿಲ್ಲ.